ಬೇಕೇ ಬೇಕಾದದ್ದನ್ನು ಕನ್‌ಸ್ಟ್ರಕ್ಟರ್‌ನಲ್ಲೇ ಕೇಳಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಬಂದ ಡಿಪೆಂಡೆನ್ಸಿ ಇಂಜೆಕ್ಷನ್ ಕುರಿತ ಬರಹದಲ್ಲಿ, ಅದರ ವಿಧಗಳಲ್ಲಿ ಯಾವುದನ್ನು ಬಳಸಿದರೂ ಫಲ ಒಂದೇ ಎಂಬ ಮಾತಿದೆ. ಹಾಸನದಲ್ಲಿ ಹಲವು ವರ್ಷಗಳಿಂದ ಜಾವಾ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿರುವ ನಾನು ಇದನ್ನು ಒಪ್ಪಲಾರೆ.

ಒಂದು ಆಬ್ಜೆಕ್ಟ್, ಅಂದರೆ ಪ್ರೋಗ್ರಾಮಿನ ಒಂದು ಘಟಕ, ತನ್ನ ಕೆಲಸಕ್ಕೆ ಬೇಕಾದ ಇನ್ನೊಂದು ಆಬ್ಜೆಕ್ಟನ್ನು ತಾನೇ ಸೃಷ್ಟಿಸಿಕೊಳ್ಳದೆ ಹೊರಗಿನಿಂದ ಪಡೆಯುವುದೇ ಈ ವಿಧಾನದ ತಿರುಳು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ, ಬೆಲ್ಟ್ ಹಾಕಿ ತಿರುಗಿಸುವ ಪಲ್ಪರ್ ಕಂಡವರಿಗೆ ಇದು ಹೊಸದಲ್ಲ. ಕರೆಂಟ್ ಇದ್ದರೆ ಮೋಟಾರು, ಹೋದರೆ ಡೀಸೆಲ್ ಎಂಜಿನ್ನು, ಪಲ್ಪರಿಗೆ ಎರಡೂ ಸಮ. 2004ರಲ್ಲಿ ಈ ಹೆಸರನ್ನು ಬಳಕೆಗೆ ತಂದ ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ ಗುರುತಿಸಿದ್ದು ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ರಚಿಸುವಾಗಲೇ ಕೊಡುವುದು), ಸೆಟರ್ (ರಚಿಸಿದ ಮೇಲೆ ಕೊಡುವುದು) ಮತ್ತು ಇಂಟರ್‌ಫೇಸ್ ಎಂಬ ಮೂರು ಬಗೆಗಳನ್ನು. ಕೊನೆಯದು ಈಗ ಅಪರೂಪ. ನಮ್ಮ ವಿದ್ಯಾರ್ಥಿಗಳ ಕೋಡಿನಲ್ಲಿ ತುಂಬಿರುವುದು, ಪ್ರೈವೇಟ್ ಫೀಲ್ಡಿನ (ಹೊರಗಿನವರಿಗೆ ಸಿಗದ ಒಳಗಿನ ವೇರಿಯಬಲ್‌ನ) ಮೇಲೆ ‘ಆಟೋವೈರ್ಡ್’ ಎಂದು ಬರೆದು ಉಳಿದದ್ದನ್ನು ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕಿಗೆ ಬಿಟ್ಟುಬಿಡುವ ಫೀಲ್ಡ್ ಇಂಜೆಕ್ಷನ್.

ಇದರ ತೊಡಕನ್ನು ಈಚೆಗೆ ಒಂದು ಪ್ರಾಜೆಕ್ಟಿನಲ್ಲಿ ಕಂಡೆ. ವಿದ್ಯಾರ್ಥಿನಿಯೊಬ್ಬಳು ಬೆಳೆಗಾರರಿಗೆ ಕಾಫಿಯ ಹಣ ಲೆಕ್ಕ ಹಾಕುವ ಕ್ಲಾಸ್ (ಆಬ್ಜೆಕ್ಟ್ ರಚಿಸುವ ಅಚ್ಚು) ಬರೆದಿದ್ದಳು; 50 ಕಿಲೋ ಮೂಟೆಯ ಅಂದಿನ ದರವನ್ನು ಅದು ದರಪಟ್ಟಿಯ ಆಬ್ಜೆಕ್ಟಿನಿಂದ ಪಡೆಯಬೇಕಿತ್ತು. ಮೂಟೆಗೆ 10,000 ರೂಪಾಯಿಯಂತೆ 170 ಕಿಲೋಗೆ 34,000 ಬರುತ್ತದೆಯೇ ಎಂದು ಪರೀಕ್ಷಿಸಲು ಆಕೆ ‘ನ್ಯೂ’ ಬಳಸಿ ಆಬ್ಜೆಕ್ಟ್ ರಚಿಸಿದಳು. ಕಂಪೈಲರ್ ತಕರಾರಿಲ್ಲದೆ ಒಪ್ಪಿಕೊಂಡಿತು, ಓಡಿಸಿದೊಡನೆ ನಲ್ ಪಾಯಿಂಟರ್ ಎಕ್ಸೆಪ್ಶನ್ ಎಂಬ ದೋಷ ಬಂತು, ಏಕೆಂದರೆ ಸ್ಪ್ರಿಂಗ್ ಇಲ್ಲದ ಕಡೆ ಆ ಫೀಲ್ಡನ್ನು ತುಂಬುವವರೇ ಇರಲಿಲ್ಲ. ದರಪಟ್ಟಿಯನ್ನು ಕನ್‌ಸ್ಟ್ರಕ್ಟರ್‌ಗೆ ವರ್ಗಾಯಿಸಿದ ಮೇಲೆ, ಅದನ್ನು ಕೊಡಲು ಮರೆತರೆ ಕೋಡ್ ಕಂಪೈಲೇ ಆಗುವುದಿಲ್ಲ. ಫೀಲ್ಡನ್ನು ‘ಫೈನಲ್’ ಎಂದು ಘೋಷಿಸಬಹುದಾದ್ದರಿಂದ ನಡುವೆ ಯಾರೂ ಬದಲಿಸಲಾರರು. 2016ರ ಸ್ಪ್ರಿಂಗ್ 4.3ರಿಂದ ಈಚೆಗೆ, ಒಂದೇ ಕನ್‌ಸ್ಟ್ರಕ್ಟರ್ ಇದ್ದರೆ ಆಟೋವೈರ್ಡ್ ಎಂದು ಬರೆಯುವ ಅಗತ್ಯವೂ ಇಲ್ಲ.

ಕನ್‌ಸ್ಟ್ರಕ್ಟರ್‌ಗೆ ಎಂಟು ಹತ್ತು ಪ್ಯಾರಾಮೀಟರ್ ಆಗುತ್ತವೆಂದು ಹುಡುಗರು ಗೊಣಗುವುದುಂಟು. ಆ ಕ್ಲಾಸು ಹೊರಲಾರದಷ್ಟು ಕೆಲಸ ಹೊತ್ತಿದೆ ಎಂಬುದನ್ನು ಆ ಉದ್ದನೆಯ ಸಾಲೇ ಹೇಳುತ್ತಿರುತ್ತದೆ. ಫೀಲ್ಡ್ ಇಂಜೆಕ್ಷನ್‌ನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಎರಡು ಕ್ಲಾಸುಗಳು ಒಂದನ್ನೊಂದು ಬೇಡುವ ಚಕ್ರಾಕಾರದ ಅವಲಂಬನೆಯೂ ಕನ್‌ಸ್ಟ್ರಕ್ಟರ್ ಬಗೆಯಲ್ಲಿ ಅಪ್ಲಿಕೇಶನ್ ಶುರುವಾಗುವಾಗಲೇ ಸಿಕ್ಕಿಬೀಳುತ್ತದೆ. ಸ್ಪ್ರಿಂಗ್ ಆಧರಿಸಿದ ಸ್ಪ್ರಿಂಗ್ ಬೂಟ್ 2.6ರಿಂದ ಇಂಥ ಸುತ್ತನ್ನು ಯಾವ ಬಗೆಯಲ್ಲೂ ತಾನಾಗಿ ಒಪ್ಪದಿರುವುದು ಸರಿಯಾದ ಕ್ರಮವೆಂದೇ ನನ್ನ ಭಾವನೆ.

ಸೆಟರ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಹಣ ಪಾವತಿಯಾದ ಮೇಲೆ ಬೆಳೆಗಾರರಿಗೆ ಎಸ್‌ಎಂಎಸ್ ಕಳುಹಿಸುವ ಆಬ್ಜೆಕ್ಟ್ ಇದ್ದರೂ ಸರಿ, ಇಲ್ಲದಿದ್ದರೂ ಲೆಕ್ಕ ನಿಲ್ಲುವುದಿಲ್ಲ. ಅಂಥದ್ದನ್ನು ಸೆಟರ್ ಮೂಲಕ ಆಮೇಲೆ ಕೊಟ್ಟರೆ ಸಾಕು. ಈ ವಿಷಯದ ಮುಂದಿನ ಬರಹದಲ್ಲಿ ನಾಲ್ಕು ಸಾಲು ಕೋಡನ್ನೂ ಅಚ್ಚು ಹಾಕಬೇಕೆಂದು ಕೋರುತ್ತೇನೆ.

ಇಂತಿ,
ಕಂಪ್ಯೂಟರ್ ವಿಜ್ಞಾನ ಉಪನ್ಯಾಸಕ, ಹಾಸನ