ಡುಬ್ಬ ಅಪ್ಪಂದು, ಮೈಟೋಕಾಂಡ್ರಿಯಾ ಅಮ್ಮಂದು

ಸಂಪಾದಕರೇ,

ಭಾನುವಾರದ ಪುರವಣಿಲಿ ದನದ ತಳಿಗಳ ಬಗ್ಗೆ ಬಂದಿದ್ದ ಲೇಖನ ಓದ್ದೆ. ಚೆನ್ನಾಗಿತ್ತು, ಆದ್ರೆ ಮೈಟೋಕಾಂಡ್ರಿಯಾ (ಜೀವಕೋಶದೊಳಗೆ ಶಕ್ತಿ ತಯಾರಿಸೋ ಪುಟ್ಟ ಭಾಗ, ಅದಕ್ಕೆ ತನ್ನದೇ ಡಿಎನ್‌ಎ ಇರತ್ತೆ) ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ಹಸು ಅಪ್ಪಟ ದೇಸಿನೋ ಅಲ್ವೋ ಗೊತ್ತಾಗ್ಬಿಡತ್ತೆ ಅಂತ ಬರ್ದಿದ್ರಲ್ಲ, ಅಲ್ಲಿ ಎಡವಿದ್ದಾರೆ.

ನಮ್ಮ ಕೊಟ್ಟಿಗೆನೇ ತಗೊಳ್ಳಿ. ಈಗಿರೋ ಹಸುವಿನ ಮುತ್ತಜ್ಜಿ ನಾಟಿ ಹಸು, ಡುಬ್ಬ ಗಂಗೆದೊಗಲು ಎಲ್ಲಾ ಇತ್ತು, ಹಾಲು ಜಾಸ್ತಿ ಬರ್ಲಿ ಅಂತ ನಮ್ಮಪ್ಪ ಅದಕ್ಕೆ ಯುರೋಪಿನ ಹಾಲಿನ ತಳಿ ಎಚ್‌ಎಫ್ ಸೆಮೆನ್ ಕೊಡಿಸಿದ್ರು, ಅದರ ಮಗಳಿಗೂ ಅದೇ, ಮೊಮ್ಮಗಳಿಗೂ ಅದೇ. ಈಗ ಇರೋದು ಕಪ್ಪು ಬಿಳಿ ಮಚ್ಚೆ, ಬೆನ್ನು ಸಪಾಟು, ಲೆಕ್ಕ ಹಾಕಿದ್ರೆ ಹೆಚ್ಚುಕಮ್ಮಿ 87 ಪರ್ಸೆಂಟ್ ಫಾರಿನ್. ಆದ್ರೂ ಮೈಟೋಕಾಂಡ್ರಿಯಾ ಒಂದನ್ನೇ ನೋಡಿದ್ರೆ ನಾಟಿ ಅಂತಾನೇ ರಿಪೋರ್ಟ್ ಬರತ್ತೆ! ಯಾಕಂದ್ರೆ ಸಸ್ತನಿಗಳಲ್ಲಿ ಇದು ತಾಯಿ ಕಡೆಯಿಂದ ಬರೋದು, ವೀರ್ಯಾಣು ಜೊತೆ ಒಳಗೆ ಹೋದ ಮೈಟೋಕಾಂಡ್ರಿಯಾನ ಭ್ರೂಣ ಹುಡುಕಿ ಹುಡುಕಿ ನಾಶ ಮಾಡತ್ತೆ. ಅದರ ಡಿಎನ್‌ಎನೂ ಪುಟಾಣಿ ಉಂಗುರ, ಬರೀ 37 ಜೀನು. ಡುಬ್ಬ, ಕೊಂಬು, ಬಣ್ಣ ಯಾವುದೂ ಅದರಲ್ಲಿ ಬರೆದಿರಲ್ಲ.

ಬ್ರೆಜಿಲ್‌ನಲ್ಲಿ ಇದೇ ಕಥೆ ಉಲ್ಟಾ. ಅಲ್ಲಿನ ನೆಲೋರೆ ದನ ನಮ್ಮ ಪಕ್ಕದ ಆಂಧ್ರದ ಒಂಗೋಲ್ ವಂಶ, ಆದ್ರೆ ಇಲ್ಲಿಂದ ಒಯ್ದ ಹೋರಿಗಳನ್ನ ಅಲ್ಲಿದ್ದ ಯುರೋಪ್ ಮೂಲದ ಹಸುಗಳಿಗೆ ಕೊಡಿಸ್ತಾ ಹೋದ್ರು, ಹಾಗಾಗಿ ನೋಡೋಕೆ ಪಕ್ಕಾ ಒಂಗೋಲ್ ಥರ ಡುಬ್ಬ ಇರೋ ಎಷ್ಟೋ ದನಗಳಲ್ಲಿ ಮೈಟೋಕಾಂಡ್ರಿಯಾ ಯುರೋಪಿಂದು. ಆಫ್ರಿಕಾದ ಡುಬ್ಬದ ದನಗಳಲ್ಲೂ ತಾಯಿ ಕಡೆ ಡುಬ್ಬ ಇಲ್ಲದ ವಂಶಾನೇ ಸಿಕ್ಕಿದ್ದು, ಡಬ್ಲಿನ್ ವಿಜ್ಞಾನಿಗಳು 1994ರಲ್ಲೇ ಇದನ್ನ ಬರ್ದಿದ್ರು.

ಹಾಗಂತ ಈ ಟೆಸ್ಟ್ ದಂಡ ಅಂತ ಹೇಳ್ತಿಲ್ಲ. ಸಸ್ತನಿಗಳ ಮೈಟೋಕಾಂಡ್ರಿಯಾ ಡಿಎನ್‌ಎ ಜೀವಕೋಶದ ನ್ಯೂಕ್ಲಿಯಸ್‌ನಲ್ಲಿರೋ ಮಾಮೂಲಿ ಡಿಎನ್‌ಎಗಿಂತ ಎಷ್ಟೋ ಪಟ್ಟು ಬೇಗ ಬದಲಾಗತ್ತೆ ಅಂತ 1979ರಲ್ಲೇ ವಿಜ್ಞಾನಿ ಅಲನ್ ವಿಲ್ಸನ್ ತಂಡ ತೋರಿಸಿತ್ತು, ಅದಕ್ಕೇ ಅದನ್ನ ಗಡಿಯಾರದ ಥರ ಬಳಸ್ತಾರೆ. ಭಾರತದ ದನಕ್ಕೂ ಯುರೋಪಿನ ದನಕ್ಕೂ ಇರೋ ವ್ಯತ್ಯಾಸ ಎಣಿಸಿದ್ರೆ ಆ ಎರಡು ವಂಶ ಕವಲೊಡೆದು ಲಕ್ಷಾಂತರ ವರ್ಷ ಆಗಿದೆ, ದನ ಕಟ್ಟೋಕೆ ಶುರು ಮಾಡಿದ್ದು ಸುಮಾರು 10,000 ವರ್ಷದ ಈಚೆಗೆ. ಅಂದ್ರೆ ಎರಡು ಕಡೆ ಬೇರೆಬೇರೆಯಾಗೇ ಪಳಗಿಸಿದ್ದಾರೆ ಅಂತಾಯ್ತು. ಎಂಥಾ ಮಜಾ ವಿಷ್ಯ, ಲೇಖನದಲ್ಲಿ ಇದೇ ಬಿಟ್ಟುಹೋಗಿತ್ತು.

ಇನ್ಮೇಲೆ ಡಿಎನ್‌ಎ ಅಂತ ಬರೆಯುವಾಗ ಯಾವ ಡಿಎನ್‌ಎ ಅಂತಾನೂ ಹಾಕಿಸಿ. ನಮ್ಮ ಹಸು ಮುಂದಿನ ತಿಂಗಳು ಕರು ಹಾಕತ್ತೆ, ಗಂಡಾದ್ರೆ ಮುತ್ತಜ್ಜಿ ಕೊಟ್ಟಿದ್ದು ಅವನಲ್ಲೇ ನಿಂತ್ಹೋಗತ್ತೆ.

- ಹಾಲು ಹಾಕೋ ಓದುಗ, ಮಂಡ್ಯ ಜಿಲ್ಲೆ