ವಾರ್ಡ್ ಗುಂಪಿನವರ ಗಮನಕ್ಕೆ: ಶಿಫ್ಟ್ ಬದಲಾವಣೆ, ಸಂದೇಶ

ಎಲ್ಲರಿಗೂ ನಮಸ್ಕಾರ.

ಶುಭೋದಯದ ಚಿತ್ರಗಳ ನಡುವೆ ಡ್ಯೂಟಿ ಪಟ್ಟಿ ಕಳೆದುಹೋಗುತ್ತಿದೆ. ಇನ್ನು ಮುಂದೆ ಪಟ್ಟಿ, ಸುತ್ತೋಲೆ, ಔಷಧ ಸ್ಟಾಕಿನ ಸುದ್ದಿ, ಇವೆಲ್ಲ "ಪ್ರಕಟಣೆ" ಗುಂಪಿನಲ್ಲಿ ಮಾತ್ರ ಬರುತ್ತವೆ. ಅಲ್ಲಿ ಅಡ್ಮಿನ್‌ಗಳಷ್ಟೇ ಬರೆಯಬಹುದು. ಪ್ರಶ್ನೆಗಳನ್ನು ಇಲ್ಲೇ ಕೇಳಿ, ಹಿಂಜರಿಯಬೇಡಿ.

ನನಗೆ ಜಾಸ್ತಿ ಚಿಂತೆ ಇರುವುದು ಶಿಫ್ಟ್ ಬದಲಾಗುವ ಹೊತ್ತಿನದು. ಮನೆಗೆ ಹೋಗುವ ಅವಸರದಲ್ಲಿ "ಎಲ್ಲಾ ನಾರ್ಮಲ್" ಅಂದರೆ ಮುಂದಿನವರಿಗೆ ಏನೂ ತಿಳಿಯುವುದಿಲ್ಲ, ಅಲ್ವಾ? ಎಸ್‌ಬಿಎಆರ್ (ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್) ಕ್ರಮದಲ್ಲೇ ಹೇಳಿ: ಈಗ ಏನಾಗಿದೆ, ಹಿನ್ನೆಲೆ ಏನು, ನಿಮ್ಮ ಅಂದಾಜು ಏನು, ಏನು ಮಾಡಬೇಕು. ಇದು ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದ ರೂಢಿ. ನರ್ಸ್ ತಮ್ಮ ಅಂದಾಜನ್ನು ಡಾಕ್ಟರಿಗೆ ನೇರವಾಗಿ ಹೇಳಲು ಇದು ಜಾಗ ಕೊಡುತ್ತದೆ. ಅದಕ್ಕೇ ನನಗೆ ಇಷ್ಟ.

ಫೋನಿನಲ್ಲಿ ಡೋಸ್ ಹೇಳಿದರೆ ಬರೆದುಕೊಳ್ಳಿ, ತಿರುಗಿ ಓದಿ ಹೇಳಿ, "ಹೌದು" ಅಂತ ಕೇಳಿಸಿಕೊಳ್ಳಿ. ಫಿಫ್ಟೀನ್, ಫಿಫ್ಟಿ ಕಿವಿಗೆ ಒಂದೇ ಥರ ಬೀಳುತ್ತವೆ. ತುರ್ತು ಇದ್ದರೆ ಮೆಸೇಜ್ ಹಾಕಿ ಸುಮ್ನೆ ಕಾಯಬೇಡಿ, ಕರೆ ಮಾಡಿ.

ರೋಗಿಯ ಫೋಟೊ, ಹೆಸರು, ರಿಪೋರ್ಟ್ ಇಲ್ಲಿ ಬೇಡ. ಖಾನಾಪುರ, ಗೋಕಾಕದಿಂದ ನಮ್ಮನ್ನು ನಂಬಿ ಬರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ.

ಸ್ವಚ್ಛತೆ, ಸ್ಟ್ರೆಚರ್ ಕೆಲಸದ ಹಲವರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ನಮ್ಮ ಬೆಳಗಾವಿಯಲ್ಲಿ ಕೆಲವರಿಗೆ ಮರಾಠಿಯೇ ಸಲೀಸು. ಹಾಗಾಗಿ ಪ್ರತಿ ಸೂಚನೆ ಎರಡೂ ಭಾಷೆಯಲ್ಲಿ ಬೋರ್ಡಿಗೆ ಅಂಟಿಸುತ್ತೇವೆ. ಶಿಫ್ಟ್ ಇನ್‌ಚಾರ್ಜ್‌ಗಳು ದಯವಿಟ್ಟು ಅವರಿಗೆ ಓದಿ ಹೇಳಿ. ಮರಾಠಿಯಲ್ಲಿ ಬರೆದುಕೊಡುವವರು ನನಗೆ ತಿಳಿಸಿ.