ಕ್ಯಾಸಲ್‌ರಾಕ್‌ನ ಮಂದಿಗೆ ಒಬ್ಬ ಟ್ರ್ಯಾಕ್‌ಮನ್‌ನ ನಮಸ್ಕಾರ

ಕಳೆದ ತಿಂಗಳ ಕೊನೆಯ ದಿನ ಸುತ್ತಿಗೆ, ಸ್ಪ್ಯಾನರ್, ಬಾವುಟ, ಕೈದೀಪ ಎಲ್ಲವನ್ನೂ ಲೆಕ್ಕ ಕೊಟ್ಟು ಒಪ್ಪಿಸಿ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಟ್ರ್ಯಾಕ್‌ಮನ್ ಕೆಲಸದಿಂದ ನಿವೃತ್ತನಾದೆ. ಜತೆಯವರು ಹಾರ ಹಾಕಿ ನಾಲ್ಕು ಒಳ್ಳೆಯ ಮಾತಾಡಿದರು. ಅವರಿಗೆ ಅಲ್ಲಿಯೇ ಕೈಮುಗಿದಿದ್ದೇನೆ. ಆದರೆ ಪ್ಲಾಟ್‌ಫಾರಂ ಮೇಲೆ ಹಿಂದೆ ನಿಂತಿದ್ದ ಊರ ಮಂದಿಗೆ ಏನಾದರೂ ಹೇಳಬೇಕು ಎಂದುಕೊಂಡರೆ ಗಂಟಲು ಕಟ್ಟಿತು, ಮಾತೇ ಹೊರಡಲಿಲ್ಲ. ಅವತ್ತು ಆಡಬೇಕಿದ್ದ ಮಾತು ಇಲ್ಲಿದೆ.

ಈ ಊರು ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನಲ್ಲಿ, ಗೋವಾ ಗಡಿಗೆ ತಾಗಿ, ಕಾಡಿನ ನಡುವೆ ಇರುವ ಸಣ್ಣ ಊರು ಕ್ಯಾಸಲ್‌ರಾಕ್. ರೈಲಿನಿಂದಲೇ ಬೆಳೆದದ್ದು. 1880ರ ದಶಕದಲ್ಲಿ ಮುರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬಂದ ಹಳಿ ಇಲ್ಲಿ ಬ್ರಿಟಿಷರ ಸೀಮೆ ಮುಟ್ಟುತ್ತಿತ್ತು. ಕೆಳಗೆ ಪೋರ್ಚುಗೀಸರ ಆಳ್ವಿಕೆ ಇದ್ದ ಕಾಲಕ್ಕೆ ಪ್ರಯಾಣಿಕರ ಗಂಟುಮೂಟೆ ಬಿಚ್ಚಿ ನೋಡುವ ಕಸ್ಟಮ್ಸ್ ಠಾಣೆ ಇಲ್ಲಿತ್ತು. 1955ರಲ್ಲಿ ಗಡಿ ಬಂದಾಗಿ ಗೋವಾ ಕಡೆಗೆ ಗಾಡಿ ನಿಂತಿತು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯಾದ ಮೇಲೆಯೇ ಮತ್ತೆ ಓಡಾಟ. ಇಲ್ಲಿಂದ ಗೋವಾದ ಕುಳೆಂವರೆಗೆ ಸುಮಾರು 26 ಕಿಲೋಮೀಟರ್ ಘಟ್ಟ. 37 ಅಡಿ ಮುಂದೆ ಹೋದರೆ ಒಂದು ಅಡಿ ಇಳಿಜಾರು. ಇಳಿಯುವ ಗಾಡಿಗಳ ಬ್ರೇಕ್ ಇಲ್ಲಿ ಪರೀಕ್ಷೆಯಾಗಬೇಕು, ಹತ್ತುವ ಗಾಡಿಗಳಿಗೆ ಹಿಂದಿನಿಂದ ಬ್ಯಾಂಕರ್ ಎಂಜಿನ್ ನೂಕಬೇಕು. ದೂಧಸಾಗರ ಜಲಪಾತದ ಮುಂದೆ ಹಾದುಹೋಗುವ ರೈಲಿನ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಆ ಹಳಿಯೇ ಇದು.

ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದ ಮೇಲೆ ನಾನು ಇಲ್ಲಿಗೆ ಬಂದೆ. ಗದಗಿನ ಕಡೆಯ ಎರೆಹೊಲದ ಹುಡುಗ. ಮಳೆ ಬಂದರೆ ಹಬ್ಬ ಮಾಡುವ ಸೀಮೆಯವನು. ಇಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ಮಳೆ ದಾಟುವುದು ಸಾಮಾನ್ಯ. ಜೂನ್‌ನಲ್ಲಿ ಹಿಡಿದರೆ ಒಗೆದ ಬಟ್ಟೆ ಒಣಗುವುದು ಗಣಪತಿ ಹಬ್ಬ ಕಳೆದ ಮೇಲೆ. ಮೊದಲ ಮಳೆಗಾಲಕ್ಕೆ ಓಡಿಹೋಗುವ ಮನಸ್ಸಾಗಿತ್ತು. ಓಡಿಹೋಗದಂತೆ ಹಿಡಿದವರು ನೀವು.

ನಮ್ಮ ಕ್ವಾರ್ಟರ್ಸ್ ಹಿಂದಿನ ಮಾವಶಿಗೆ ಮೊದಲ ನಮಸ್ಕಾರ. ರಕ್ತ ಹೀರುವ ಉಂಬಳಕ್ಕೆ ಸುಣ್ಣ, ತಂಬಾಕು ಕಲೆಸಿ ಕಾಲಿಗೆ ಹಚ್ಚಿಕೊಳ್ಳುವುದನ್ನು ಕಲಿಸಿದ್ದು ಅವರು. ಕೊಂಕಣಿ ಬಾರದ ನನ್ನ ಹೆಂಡತಿಯನ್ನು ತನ್ನ ಒಲೆಯ ಮುಂದೆ ಕೂಡಿಸಿಕೊಂಡು ಮಾತು ಕಲಿಸಿದ್ದೂ ಅವರೇ. ಆಕೆಗೆ ಹೆರಿಗೆ ನೋವು ಬಂದ ರಾತ್ರಿ ನಾನು ಸುರಂಗದ ಆಚೆ ಡ್ಯೂಟಿಯಲ್ಲಿದ್ದೆ. ಕಂಬಳಿಕೊಪ್ಪೆ ಹಾಕಿಕೊಂಡು ಮನೆಮನೆ ತಟ್ಟಿ ಜೀಪು ಹೊರಡಿಸಿದ ಗಂಡಸರು, ಮಡಿಲಲ್ಲಿ ತಲೆ ಇಟ್ಟುಕೊಂಡು ಕಾಡುದಾರಿಯುದ್ದಕ್ಕೂ ಧೈರ್ಯ ಹೇಳಿದ ಹೆಂಗಸರು ನಮ್ಮ ರಕ್ತಸಂಬಂಧಿಕರಲ್ಲ. ನನ್ನ ಮಗಳು ಈಗ ದುಡಿಯುತ್ತಿದ್ದಾಳೆ. ಆಕೆ ಇರುವುದು ನಿಮ್ಮಿಂದ.

ಘಟ್ಟದ ಮಳೆಗಾಲದ ಪಹರೆ ಏನೆಂದು ರೈಲಿನಲ್ಲಿ ಮಲಗಿ ಹೋಗುವವರಿಗೆ ತಿಳಿಯುವುದು ಕಷ್ಟ. ಹೆಗಲಿಗೆ ಚೀಲ, ಚೀಲದಲ್ಲಿ ಪಟಾಕಿ, ಕೈಯಲ್ಲಿ ದೀಪ. ನಿಮ್ಮ ಪಾಲಿನ ಹಳಿಯನ್ನು ಕತ್ತಲಲ್ಲಿ ನಡೆದು ನೋಡಬೇಕು. ಮುಂದಿನ ಪಾಲಿನವನು ಎದುರಾದಾಗ ಪಹರೆ ಪುಸ್ತಕ ಬದಲಾಯಿಸಿಕೊಂಡು ಹಿಂತಿರುಗಬೇಕು. ಮಣ್ಣು ಜರಿದಿದ್ದರೆ, ಬಂಡೆ ಕೂತಿದ್ದರೆ, ದೀಪ ಕೆಂಪು ಮಾಡಿ ಗಾಡಿ ಬರುವ ದಿಕ್ಕಿಗೆ ಓಡಬೇಕು. ಅಲ್ಲಿಂದ 600 ಮೀಟರ್‌ಗೆ ಹಳಿಯ ಮೇಲೆ ಒಂದು ಪಟಾಕಿ, 1,200 ಮೀಟರ್‌ಗೆ ಹತ್ತತ್ತು ಮೀಟರ್ ಅಂತರದಲ್ಲಿ ಮೂರು. ಎಂಜಿನ್ ಚಕ್ರ ಹತ್ತಿ ಅವು ಸಿಡಿದರೆ ಡ್ರೈವರ್ ಗಾಡಿ ನಿಲ್ಲಿಸುತ್ತಾನೆ. ಮಳೆಯ ಸದ್ದಿನಲ್ಲಿ ಹಿಂದೆ ಕಾಟಿ, ಅಂದರೆ ಕಾಡುಕೋಣ, ನಿಂತರೂ ಕೇಳಿಸದು, ಎದುರು ಎಂಜಿನ್ ಬಂದರೂ ಕೇಳಿಸದು.

ಇಷ್ಟನ್ನು ಇಲಾಖೆ ಕಲಿಸಿತ್ತು. ಮಣ್ಣು ಜರಿಯುವ ಮೊದಲೇ ಗುಡ್ಡದ ಮನಸ್ಸು ಓದುವುದನ್ನು ಕಲಿಸಿದವರು ಎಮ್ಮೆ ಕಾಯುತ್ತಿದ್ದ ಗೌಳಿ ಅಜ್ಜ. ಹಳಿ ಪಕ್ಕದ ಕಾಲುವೆಯಲ್ಲಿ ತಿಳಿಯಾಗಿ ಹರಿಯುತ್ತಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾಯಿತೋ, ಮೇಲೆ ಮಣ್ಣು ಸಡಿಲಾಗಿದೆ. ನೆಟ್ಟಗಿದ್ದ ಮರ ಹಳಿಯತ್ತ ವಾಲಿತೋ, ಅದರ ಕಾಲ ಕೆಳಗಿನ ನೆಲ ಸರಿಯುತ್ತಿದೆ. ಎಲ್ಲಕ್ಕಿಂತ ಹೆಚ್ಚಾಗಿ, "ಜಡಿಮಳೆಯೊಳಗ ಹಳ್ಳ ಸುಮ್ಮನಾತಂದ್ರ ಅಲ್ಲಿ ನಿಂದರಬ್ಯಾಡ ತಮ್ಮಾ, ಮ್ಯಾಲೆ ಎಲ್ಲೋ ಕಟಗೊಂಡದ, ಒಮ್ಮೆಲೆ ಬರ್ತದ" ಎಂದಿದ್ದರು. ಒಂದು ರಾತ್ರಿ ಹಾಗೆಯೇ ಹಳ್ಳ ಸುಮ್ಮನಾಯಿತು. ನಾನು, ನನ್ನ ಜೋಡಿಯವನು ಹಿಂದಕ್ಕೆ ಸರಿದೆವು. ನಾವು ನಿಂತಿದ್ದ ಜಾಗದ ಮೇಲೆ ಮರ, ಮಣ್ಣು, ಕಲ್ಲು ಎಲ್ಲ ಒಟ್ಟಿಗೇ ಇಳಿದವು. ಎರಡೂ ಕಡೆ ಪಟಾಕಿ ಇಟ್ಟೆವು, ಗಾಡಿ ನಿಂತಿತು. ನಮ್ಮಿಬ್ಬರಿಗೆ ಶಹಬ್ಬಾಸ್ ಸಿಕ್ಕಿತು. ಅಜ್ಜನ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ಅವರೀಗ ಇಲ್ಲ. ಅವರ ಮೊಮ್ಮಕ್ಕಳು ಇದನ್ನು ಓದಲಿ ಎಂಬ ಆಸೆ ನನ್ನದು: ಅವತ್ತು ಬದುಕಿ ಊರು ಸೇರಿದ ಗಾಡಿತುಂಬ ಜನರಿಗೆ ನಿಮ್ಮ ಅಜ್ಜನ ಋಣವಿದೆ.

2021ರ ಜುಲೈ ನೆನಪಿದೆಯಲ್ಲ. ಮಹಾರಾಷ್ಟ್ರದ ಚಿಪಳೂಣದಲ್ಲಿ ವಾಸಿಷ್ಠಿ ನದಿ ಉಕ್ಕಿ ಕೊಂಕಣ ರೈಲು ಮಾರ್ಗ ನಿಂತಾಗ ಮಂಗಳೂರು–ಮುಂಬೈ ಗಾಡಿಯನ್ನು ನಮ್ಮ ಘಟ್ಟದ ಮೇಲೆ ತಿರುಗಿಸಿದ್ದರು. 23ರಂದು ದೂಧಸಾಗರ–ಸೋನಾವಳಿ ನಡುವೆ ಗುಡ್ಡ ಜರಿದು ಅದು ಹಳಿ ತಪ್ಪಿತು. ದೇವರ ದಯೆ, ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಮಣ್ಣು ತೆಗೆಯುವ ಕೆಲಸ ಮುಗಿಯುವ ತನಕ ನಮಗೆ ಹಗಲು ರಾತ್ರಿ ಒಂದೇ ಆಗಿತ್ತು. ಕೊರೊನಾ ಭಯ ಇನ್ನೂ ಹೋಗಿರಲಿಲ್ಲ, ಹೊರಗಿನವರನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ. ಆಗಲೂ ಎಲ್ಲೆಲ್ಲಿಂದಲೋ ಬಂದ ಗ್ಯಾಂಗಿನವರ ಒದ್ದೆ ಬಟ್ಟೆಯನ್ನು ನೀವು ನಿಮ್ಮ ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಒಣಗಿಸಿಕೊಟ್ಟಿರಿ. ಬಿಸಿ ಗಂಜಿ, ಒಣಮೀನಿನ ಚಟ್ನಿ ಕೆಳಗೆ ಹೋಗುವ ಎಂಜಿನ್‌ನಲ್ಲಿ ಡಬ್ಬಿಗಟ್ಟಲೆ ಬಂತು. ನಾನು ಮೀನು ತಿನ್ನುವವನಲ್ಲವೆಂದು ನೆನಪಿಟ್ಟು ಒಂದು ಡಬ್ಬಿಯಲ್ಲಿ ಮಾವಿನ ಉಪ್ಪಿನಕಾಯಿ ಇಟ್ಟ ಕೈ ಯಾರದೆಂದು ಇವತ್ತಿಗೂ ಗೊತ್ತಾಗಿಲ್ಲ.

ಚಹಾ ಅಂಗಡಿಯ ಕಾಕಾ, ನಿಮಗೆ ಏನು ಹೇಳಲಿ? ನಸುಕಿನಲ್ಲಿ ಪಹರೆ ಮುಗಿಸಿ ಬರುವವರನ್ನು ನೀವು ಎಣಿಸುತ್ತಿದ್ದಿರಿ. ಒಬ್ಬ ಕಡಿಮೆಯಾದರೆ "ಇನ್ನೊಬ್ಬಾಂವ ಎಲ್ಲಿ?" ಎಂದು ಕೇಳಿ, ಉತ್ತರ ಸಿಗುವ ತನಕ ಸ್ಟೇಷನ್ ಬಾಗಿಲಲ್ಲೇ ನಿಲ್ಲುತ್ತಿದ್ದಿರಿ. ನಮ್ಮ ಹಾಜರಿ ಹಾಕಲು ಪುಸ್ತಕವಿತ್ತು, ಸಾಹೇಬರಿದ್ದರು. ಆದರೆ ಕತ್ತಲಲ್ಲಿ ಹಳಿ ಮೇಲೆ ಕಾಲು ಸೋತಾಗ ನನ್ನನ್ನು ನಡೆಸಿದ್ದು ಮೇಲೆ ಒಬ್ಬರು ಎಣಿಸುತ್ತಾ ಕೂತಿದ್ದಾರೆ ಎಂಬ ನಂಬಿಕೆ. ಕನ್ನಡ, ಕೊಂಕಣಿ, ಮರಾಠಿ, ತೆಲುಗು, ಹಿಂದಿ ಮಾತಾಡುವವರೆಲ್ಲ ಬಂದು ಹೋಗುವ ಊರು ನಿಮ್ಮದು. ವರ್ಗವಾಗಿ ಬಂದವರು ಎರಡು ವರ್ಷಕ್ಕೆ ಗಂಟು ಕಟ್ಟುತ್ತಾರೆ. ಹೇಗೂ ಹೋಗುವವರಲ್ಲವೇ ಎಂದು ನೀವು ಯಾರನ್ನೂ ಅರೆಮನಸ್ಸಿನಿಂದ ಕಂಡದ್ದನ್ನು ನಾನು ನೋಡಿಲ್ಲ.

ಶಾಲೆಯ ಗುರುಗಳಿಗೂ ಸ್ಟೇಷನ್ ಮಾಸ್ತರರಿಗೂ ಬೇರೆಯಾಗಿ ಪತ್ರ ಬರೆಯುತ್ತೇನೆ.

ಈ ಮಳೆಗಾಲದ ಪಹರೆಗೆ ಇಬ್ಬರು ಹೊಸ ಹುಡುಗರು ಬಂದಿದ್ದಾರೆ. ಒಬ್ಬ ಬಿಹಾರದವನು, ಇನ್ನೊಬ್ಬ ನಮ್ಮ ಕೊಪ್ಪಳದ ಕಡೆಯವನು. ಇಬ್ಬರಿಗೂ ಕೊಂಕಣಿ ಬಾರದು, ಇಬ್ಬರೂ ಉಂಬಳಕ್ಕೆ ಹೆದರುತ್ತಾರೆ. ಹಳ್ಳದ ಮಾತನ್ನು ಅವರಿಗೆ ಹೇಳಿ ಬಂದಿದ್ದೇನೆ, ಆದರೂ ಸುಣ್ಣ ತಂಬಾಕು ಕಲೆಸುವ ಹದ ನನ್ನಿಂದ ಅವರಿಗೆ ಸರಿಯಾಗಿ ಬಂದಿಲ್ಲ. ಮಾವಶಿ ಒಮ್ಮೆ ತೋರಿಸಿಕೊಡಬೇಕು. ಪಿಂಚಣಿ ಕಾಗದದ ಕೆಲಸಕ್ಕೆ ಮುಂದಿನ ತಿಂಗಳು ಹುಬ್ಬಳ್ಳಿಗೆ ಬರುವುದಿದೆ. ಮುಗಿದ ಕೂಡಲೇ ಗಾಡಿ ಹತ್ತಿ ಕ್ಯಾಸಲ್‌ರಾಕ್‌ಗೆ ಬರುತ್ತೇವೆ, ನಾನು ನನ್ನ ಹೆಂಡತಿ ಇಬ್ಬರೂ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಯಾರ್ಯಾರಿಗೆ ಬೇಕೋ ಕಾಕಾನ ಹತ್ತಿರ ಹೇಳಿಡಿ.